ಬಸ್ ನಿಲ್ದಾಣಕ್ಕೆ ಯುಎಸ್‌ಬಿ ತೂತು ಬೇಡ, ಪ್ಲಗ್ ಕೊಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಸಾರ್ವಜನಿಕ ಜಾಗಗಳಲ್ಲಿ ಫೋನ್ ಚಾರ್ಜ್ ಮಾಡಬೇಡಿ, ಮಾಹಿತಿ ಕಳವಾಗುತ್ತದೆ ಎಂಬ ಎಚ್ಚರಿಕೆಯನ್ನು ಈಚೆಗೆ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಬರೆದವರ ಕಾಳಜಿ ನಿಜವಾದದ್ದು. ಆದರೆ ಓದಿ ಮುಗಿಸಿದ ಮೇಲೆ ಒಂದು ಪ್ರಶ್ನೆ ಉಳಿಯಿತು. ಅಲ್ಲಿ ಮಾಡಬೇಡಿ ಅಂದರೆ ಮತ್ತೆಲ್ಲಿ ಮಾಡಬೇಕು? ಪವರ್ ಬ್ಯಾಂಕ್ ಜೊತೆಗಿಟ್ಟುಕೊಳ್ಳಿ ಎಂದು ಕೊನೆಗೆ ಬರೆದಿದ್ದರು. ಪವರ್ ಬ್ಯಾಂಕ್ ಇಲ್ಲದವರನ್ನು ನಾನು ದಿನಾ ನೋಡುತ್ತೇನೆ. ಅವರ ಸಲುವಾಗಿ ಈ ಪತ್ರ.

ಸಿಂಧನೂರಿನಲ್ಲಿ ನನ್ನದೊಂದು ಖಾನಾವಳಿ ಇದೆ. ಬಸ್ಸಿಗೆ ಹೋಗುವವರು, ಬಸ್ಸಿಳಿದು ಬಂದವರು ನಮ್ಮಲ್ಲಿ ಊಟ ಮಾಡುತ್ತಾರೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಅನ್ನ, ಸಾರು. ಕೈ ತೊಳೆಯುವುದಕ್ಕೂ ಮೊದಲು ಎಷ್ಟೋ ಜನ ಕೇಳುವುದು ಒಂದೇ ಮಾತು: “ಅಕ್ಕಾರ, ಫೋನ್ ಸ್ವಲ್ಪ ಚಾರ್ಜಿಗೆ ಹಚ್ಲೇನ್ರಿ?” ಗಲ್ಲಾದ ಹಿಂದಿನ ಗೋಡೆಯಲ್ಲಿ ಪ್ಲಗ್ ಸಾಲು ಹಾಕಿಸಿದ್ದೇನೆ. ಹಚ್ಚಿಕೊಳ್ಳಿ ಅನ್ನುತ್ತೇನೆ. ದುಡ್ಡು ತೆಗೆದುಕೊಳ್ಳುವುದಿಲ್ಲ.

ಇವರು ಯಾರು ಎಂದು ಹೇಳಬೇಕು. ನಮ್ಮ ತಾಲ್ಲೂಕಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ ಇದೆ, ಭತ್ತ ಇದೆ, ದುಡ್ಡು ಓಡಾಡುತ್ತದೆ. ಆದರೆ ಕಾಲುವೆ ಮುಟ್ಟದ ಊರುಗಳೂ ಸುತ್ತಮುತ್ತ ಬೇಕಾದಷ್ಟಿವೆ. ಅಲ್ಲಿಂದ ಜನ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಗಂಡ, ಹೆಂಡತಿ, ಬಗಲಲ್ಲಿ ಕೂಸು, ತಲೆ ಮೇಲೆ ಚೀಲ. ಮಧ್ಯಾಹ್ನವೇ ಊರು ಬಿಟ್ಟು ಬಂದು ರಾತ್ರಿ ಬಸ್ಸಿಗೆ ಕಾಯುತ್ತಾರೆ. ಮನೆಗೆಲ್ಲ ಇರುವುದು ಒಂದೇ ಫೋನು, ಅದೂ ಹಳೆಯದು, ಬ್ಯಾಟರಿ ಸೋತದ್ದು. ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದಾಗ ಆ ಫೋನ್ ಸತ್ತಿದ್ದರೆ ಮೇಸ್ತ್ರಿಯನ್ನು ಹುಡುಕುವುದು ಹೇಗೆ? ಅವನ ನಂಬರು ಇರುವುದು ಅದರಲ್ಲೇ. ಕೂಲಿ ದುಡ್ಡು ಬರುವುದೂ ಅದರಲ್ಲೇ, ಗೃಹಲಕ್ಷ್ಮಿ ಹಣ ಬಂದಿತೋ ಇಲ್ಲವೋ ಎಂಬ ಮೆಸೇಜೂ ಅದರಲ್ಲೇ. ಇನ್ನೊಂದಿಷ್ಟು ಜನ ರಾಯಚೂರಿನ ದೊಡ್ಡಾಸ್ಪತ್ರೆಗೆ ರೋಗಿಯನ್ನು ಸೇರಿಸಿ ಬಂದವರು. ಒಳಗಿರುವವರ ಸುದ್ದಿ ಯಾವ ಹೊತ್ತಿಗೆ ಬರುತ್ತದೋ ಎಂದು ಫೋನನ್ನು ಕೈಯಲ್ಲೇ ಹಿಡಿದುಕೊಂಡು ಊಟ ಮಾಡುತ್ತಾರೆ. ಇಂಥವರಿಗೆ ಚಾರ್ಜ್ ಮಾಡಬೇಡಿ ಅಂದರೆ ಕೇಳುವುದಿಲ್ಲ. ಕೇಳಲು ಆಗುವುದೂ ಇಲ್ಲ.

ಹಾಗಾದರೆ ಆ ಎಚ್ಚರಿಕೆ ಸುಳ್ಳೇ? ಸುಳ್ಳಲ್ಲ. ನನಗೂ ಅದು ಸರಿಯಾಗಿ ಗೊತ್ತಾಗಬೇಕಿತ್ತು. ದಿನಾ ಬೇರೆಯವರ ಫೋನು ನನ್ನ ಗೋಡೆಗೆ ನೇತಾಡುತ್ತಿರುವಾಗ ತಿಳಿದುಕೊಳ್ಳುವುದು ನನ್ನ ಜವಾಬ್ದಾರಿ ಅಲ್ವಾ? ನಮ್ಮ ಅಣ್ಣನ ಮಗ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವನನ್ನು ಕರೆದು ಕೇಳಿದೆ. ಅವನು ಬಾಯಲ್ಲಿ ಹೇಳಲಿಲ್ಲ. ಹಾಳಾದ ಒಂದು ಕೇಬಲ್ ತಂದು ಕತ್ತರಿಯಿಂದ ಕತ್ತರಿಸಿ ಗಲ್ಲಾದ ಮೇಲೆ ಇಟ್ಟ. ಒಳಗೆ ನಾಲ್ಕು ಸಣ್ಣ ವೈರು. ಕೆಂಪು, ಕಪ್ಪು, ಹಸಿರು, ಬಿಳಿ. “ಕೆಂಪು, ಕಪ್ಪು ಕರೆಂಟಿಗೆ. ಹಸಿರು, ಬಿಳಿ ಮಾತಾಡಾಕ, ಅತ್ತಿ” ಅಂದ. ಕಂಪ್ಯೂಟರಿಗೆ ಹಚ್ಚಿದಾಗ ಫೋಟೊ, ಹಾಡು ಆಚೆ ಈಚೆ ಹೋಗುವುದು ಈ ಹಸಿರು, ಬಿಳಿ ವೈರಿನಲ್ಲಿ. ಈಗಿನ ಟೈಪ್-ಸಿ ಪಿನ್ನಿನಲ್ಲಿ ಸಂಪರ್ಕಗಳು ಇನ್ನೂ ಜಾಸ್ತಿ, ಆದರೆ ಸಂಗತಿ ಅದೇ. ಒಂದೇ ತೂತಿನಲ್ಲಿ ಕರೆಂಟೂ ಹೋಗುತ್ತದೆ, ಮಾತೂ ಹೋಗುತ್ತದೆ.

ಗೋಡೆಯಲ್ಲಿ ಕೇಬಲ್ಲನ್ನು ನೇರವಾಗಿ ಸಿಕ್ಕಿಸುವ ಯುಎಸ್‌ಬಿ ತೂತು ಮಾತ್ರ ಇದ್ದರೆ ಅದರ ಹಿಂದೆ ಏನಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಸುಮ್ನೆ ಚಾರ್ಜರ್ ಇರಬಹುದು. ಸಣ್ಣದೊಂದು ಕಂಪ್ಯೂಟರ್ ಕೂತಿರಲೂಬಹುದು. ಯಾರೋ ಬಿಟ್ಟುಹೋದಂತೆ ಕಾಣುವ ಕೇಬಲ್ಲಿನಲ್ಲೂ ಇಂಥದ್ದನ್ನು ಅಡಗಿಸಬಹುದಂತೆ. ಮೂರು ತೂತಿನ ಸಾದಾ ಪ್ಲಗ್‌ನಲ್ಲಿ ಈ ಸಮಸ್ಯೆ ಇಲ್ಲ. ಅಲ್ಲಿ ಬರುವುದು 230 ವೋಲ್ಟ್ ಕರೆಂಟು, ಅಷ್ಟೇ. ಅದನ್ನು ಇಳಿಸಿ ಫೋನಿಗೆ ಕೊಡುವುದು ನಿಮ್ಮದೇ ಚಾರ್ಜರ್. ಮಾತಾಡಲು ಆ ಕಡೆ ಯಾರೂ ಇಲ್ಲ.

ಈ ಮೋಸಕ್ಕೆ ಇಂಗ್ಲಿಷಿನಲ್ಲಿ ‘ಜ್ಯೂಸ್ ಜಾಕಿಂಗ್’ ಎನ್ನುತ್ತಾರೆ. 2011ರಲ್ಲಿ ಅಮೆರಿಕದ ಲಾಸ್ ವೇಗಸ್‌ನಲ್ಲಿ ನಡೆದ ಡೆಫ್‌ಕಾನ್ ಎಂಬ ಹ್ಯಾಕರ್‌ಗಳ ಸಮಾವೇಶದಲ್ಲಿ ಉಚಿತ ಚಾರ್ಜಿಂಗ್ ಪೆಟ್ಟಿಗೆ ಇಟ್ಟಿದ್ದರು. ಫೋನ್ ಹಚ್ಚಿದ ಕೂಡಲೇ ಪೆಟ್ಟಿಗೆಯ ಪರದೆ ಮೇಲೆ, ಇಂಥದ್ದನ್ನು ನಂಬಬೇಡಿ ಎಂಬ ಎಚ್ಚರಿಕೆ ಬರುತ್ತಿತ್ತು. ಸಂಶೋಧಕರೇ ಜನರ ಕಣ್ಣು ತೆರೆಸಲು ಮಾಡಿದ್ದು ಅದು. ಕಂಪ್ಯೂಟರ್ ಬಲ್ಲ ಜನವೇ ಅದಕ್ಕೆ ಫೋನು ಹಚ್ಚಿದ್ದರು. 2013ರಲ್ಲಿ ಅಲ್ಲಿನ ಜಾರ್ಜಿಯಾ ಟೆಕ್ ಸಂಸ್ಥೆಯ ಸಂಶೋಧಕರು ಚಾರ್ಜರ್‌ನಂತೆ ಮಾಡಿದ ಸಣ್ಣ ಸಾಧನದಿಂದ, ಹಚ್ಚಿದ ಒಂದು ನಿಮಿಷದೊಳಗೆ ಐಫೋನಿಗೆ ಕಳ್ಳ ಆ್ಯಪ್ ಸೇರಿಸಿ ತೋರಿಸಿದರು. ಆಮೇಲೆ ಕಂಪನಿಗಳು ಎಚ್ಚೆತ್ತವು. ಈಗ ಫೋನನ್ನು ಕಂಪ್ಯೂಟರಿಗೆ ಹಚ್ಚಿದರೆ, ಇದನ್ನು ನಂಬಲೇ, ಫೈಲ್ ಕೊಡಲೇ ಎಂದು ಅದೇ ಕೇಳುತ್ತದೆ. ನಾವು ಹೂಂ ಅನ್ನುವ ತನಕ ಬರೀ ಕರೆಂಟು ತೆಗೆದುಕೊಳ್ಳುತ್ತದೆ. ನಮ್ಮ ರಿಸರ್ವ್ ಬ್ಯಾಂಕ್ ಕೂಡ 2022ರ ಮಾರ್ಚಿನಲ್ಲಿ ತಂದ ಹಣಕಾಸು ಮೋಸಗಳ ಪುಸ್ತಿಕೆಯಲ್ಲಿ ಜ್ಯೂಸ್ ಜಾಕಿಂಗ್ ಬಗ್ಗೆ ಬರೆದಿದೆ. 2023ರ ಏಪ್ರಿಲ್‌ನಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನ ಡೆನ್ವರ್ ಕಚೇರಿ ಟ್ವೀಟ್ ಮಾಡಿ, ವಿಮಾನ ನಿಲ್ದಾಣ, ಹೋಟೆಲುಗಳ ಉಚಿತ ಚಾರ್ಜಿಂಗ್ ತೂತು ಬಳಸಬೇಡಿ ಎಂದಿತು.

ನಿಮ್ಮ ಪತ್ರಿಕೆಯಲ್ಲಿ ಎಚ್ಚರಿಕೆ ಬರೆದವರು ಅದರ ಜೊತೆಗೆ ಇನ್ನೊಂದು ಮಾತನ್ನೂ ಓದುಗರಿಗೆ ಹೇಳಬೇಕಿತ್ತು. ಅಮೆರಿಕದ ದೂರಸಂಪರ್ಕ ಆಯೋಗವಾದ ಎಫ್‌ಸಿಸಿ, ಇದು ಆಗಬಹುದಾದ ಸಂಗತಿ, ಆದರೆ ನಿಜವಾಗಿ ಆಯಿತೆಂದು ಖಚಿತವಾದ ಒಂದು ಪ್ರಕರಣವೂ ನಮಗೆ ತಿಳಿದಿಲ್ಲ ಎಂದು ಬರೆದಿದೆ. ಜನರನ್ನು ಹೆದರಿಸುವಾಗ ಇಷ್ಟು ಹೇಳುವುದು ನ್ಯಾಯ. ಹೆದರಿದವರು ಎರಡು ದಿನ ಹುಷಾರಾಗಿ ಇರುತ್ತಾರೆ, ಮೂರನೇ ದಿನ ಮೊದಲಿನಂತೆ ಆಗುತ್ತಾರೆ. ವಿಷಯ ತಿಳಿದವರು ಹಾಗಲ್ಲ.

ಹಾಗೆಂದು ಮೈಮರೆಯುವುದೂ ಬೇಡ. 2025ರಲ್ಲಿ ಆಸ್ಟ್ರಿಯಾದ ಗ್ರಾಜ್ ತಾಂತ್ರಿಕ ವಿಶ್ವವಿದ್ಯಾಲಯದವರು ಹೊಸದೊಂದು ಬಗೆ ತೋರಿಸಿದರು. ಕಳ್ಳ ಚಾರ್ಜರ್ ತಾನೇ ಒಂದು ಕೀಬೋರ್ಡ್ ಎಂದು ಫೋನನ್ನು ನಂಬಿಸಿ, ಫೋನ್ ಕೇಳುವ ಪ್ರಶ್ನೆಗೆ ತಾನೇ ಹೂಂ ಎಂದು ಒತ್ತಿಬಿಡುತ್ತದೆ. ಹೆಚ್ಚಿನ ಫೋನುಗಳಲ್ಲಿ ಇದು ನಡೆಯಬೇಕಾದರೆ ಲಾಕ್ ತೆಗೆದಿರಬೇಕು. ಆಪಲ್, ಗೂಗಲ್ ಇದಕ್ಕೆ ಪರಿಹಾರವನ್ನೂ ಕೊಟ್ಟಿವೆ. ಹೊಸ ಆವೃತ್ತಿಗಳಲ್ಲಿ ಬರೀ ಒತ್ತಿದರೆ ಸಾಲದು, ಪಿನ್ ಅಥವಾ ಪಾಸ್‌ವರ್ಡ್ ಕೊಡಬೇಕು. ಆದರೆ ಆ ಅಪ್‌ಡೇಟ್ ಯಾರ ಫೋನಿಗೆ ಬರುತ್ತದೆ? ಸೆಕೆಂಡ್ ಹ್ಯಾಂಡ್ ತೆಗೆದುಕೊಂಡ, ಐದಾರು ವರ್ಷದ ಹಿಂದಿನ ಫೋನಿಗೆ ಹೆಚ್ಚಾಗಿ ಬರುವುದಿಲ್ಲ. ನನ್ನ ಗೋಡೆಗೆ ನೇತಾಡುವುದು ಅಂಥವೇ ಜಾಸ್ತಿ.

ಇನ್ನೂ ಒಂದಿದೆ. ಫೋನು ಆ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳುತ್ತದೆ. ಇಂಗ್ಲಿಷ್ ಓದಲು ಬಾರದವರು ಅದನ್ನು ಓಡಿಸಲು ಏನು ಮಾಡುತ್ತಾರೆ? ‘ಓಕೆ’ ಒತ್ತುತ್ತಾರೆ. ಆ ಎರಡು ಅಕ್ಷರ ಎಲ್ಲರಿಗೂ ಗೊತ್ತು. ಅದಕ್ಕೇ ಅಣ್ಣನ ಮಗ ತನ್ನ ಅಂಗಡಿಗೆ ಬಂದವರ ಫೋನನ್ನು, ಅವರನ್ನು ಕೇಳಿ, ಕನ್ನಡಕ್ಕೆ ಬದಲಾಯಿಸಿ ಕೊಡುತ್ತಾನೆ. ಇಂದಿನ ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲೇ ಕನ್ನಡ ಇದೆ, ಯಾವ ಖರ್ಚೂ ಇಲ್ಲ. ಇದನ್ನು ಪ್ರತಿ ಮೊಬೈಲ್ ಅಂಗಡಿಯವರೂ ಮಾಡಲಿ ಎಂದು ಕೇಳಿಕೊಳ್ಳುತ್ತೇನೆ.

ಈಗ ನಾನು ಕಣ್ಣಾರೆ ಕಂಡ ಅಪಾಯದ ಬಗ್ಗೆ ಬರೆಯುತ್ತೇನೆ. ಅದು ವೈರಿನಲ್ಲಿ ಇಲ್ಲ, ಫೋನಿನ ಹಿಂದಿನ ಕವರಿನಲ್ಲಿದೆ.

ದುಡಿಯಲು ಹೋಗುವವರ ಫೋನು ನೋಡಿ. ರಬ್ಬರ್ ಕವರ್ ಉಬ್ಬಿರುತ್ತದೆ. ಒಳಗೆ ಆಧಾರ್ ಕಾರ್ಡು, ಎಟಿಎಂ ಕಾರ್ಡು, ಮಡಚಿದ ನೂರರ ನೋಟು, ದೇವರ ಸಣ್ಣ ಫೋಟೊ. ಎಷ್ಟೋ ಕವರಿನಲ್ಲಿ ಒಂದು ಚೀಟಿ, ಅದರ ಮೇಲೆ ನಾಲ್ಕು ಅಂಕಿ. ಅದೇ ಎಟಿಎಂ ಪಿನ್ನು. ಮರೆತುಹೋಗಬಾರದೆಂದು ಮಗನೋ ಮಗಳೋ ಬರೆದುಕೊಟ್ಟದ್ದು. ಸ್ಕ್ರೀನಿಗೆ ಲಾಕ್ ಇಲ್ಲ, ಏಕೆಂದರೆ ಅಜ್ಜಿಯೂ ಅದೇ ಫೋನಿನಲ್ಲಿ ಮಾತಾಡಬೇಕು. ಇಂಥ ಫೋನನ್ನು ಬಸ್ ನಿಲ್ದಾಣದ ಯಾವುದೋ ಮೂಲೆಯ ಪಾಯಿಂಟಿಗೆ ಹಚ್ಚಿ, ದೂರದ ಬೆಂಚಿನ ಮೇಲೆ ಕೂತರೆ ಕದಿಯುವವನಿಗೆ ಹ್ಯಾಕಿಂಗ್ ಗೊತ್ತಿರಬೇಕಿಲ್ಲ. ಕೈ ಚಾಚಿದರೆ ಸಾಕು.

ಹೀಗೊಂದು ನಡೆಯಿತು. ಊರಿನ ಹೆಸರು ಬೇಡ, ನಮ್ಮ ಜಿಲ್ಲೆಯದೂ ಅಲ್ಲ. ಗಾರೆ ಕೆಲಸದ ಹುಡುಗನೊಬ್ಬ ಬಸ್ ಬದಲಿಸಲು ಇಳಿದವನು ಅಲ್ಲಿನ ಚಾರ್ಜಿಂಗ್ ಪಾಯಿಂಟಿಗೆ ಫೋನ್ ಹಚ್ಚಿದ್ದನಂತೆ. ಆ ಪಾಯಿಂಟು ಒಂದು ಕಂಬದ ಹಿಂದೆ. ನೀರಿನ ಬಾಟಲಿ ತರಲು ಹೋಗಿ ಬರುವಷ್ಟರಲ್ಲಿ ಫೋನಿಲ್ಲ. ಅಲ್ಲಿಂದ ಹೇಗೋ ನಮ್ಮೂರಿಗೆ ಬಂದು ಖಾನಾವಳಿಯಲ್ಲಿ ಕೂತು ಅಳುತ್ತಿದ್ದ. ಕವರಿನಲ್ಲಿ ಕಾರ್ಡೂ ಇತ್ತು, ಚೀಟಿಯೂ ಇತ್ತು. ಅವನ ಬ್ಯಾಂಕಿನ ನಂಬರಿಗೆ ನನ್ನ ಫೋನಿನಿಂದ ಮಾಡಿಸಿ ಕಾರ್ಡು ನಿಲ್ಲಿಸಿದೆವು. ಅಷ್ಟರಲ್ಲೇ ಒಂದಿಷ್ಟು ಹಣ ತೆಗೆದಿದ್ದರು. 1930ಕ್ಕೂ ಮಾಡಿದೆವು. ಸೈಬರ್ ಮೋಸಕ್ಕೆ ಇರುವ ಸಹಾಯವಾಣಿ ಅದು, ದೇಶಕ್ಕೆಲ್ಲ ಒಂದೇ ನಂಬರು. ಎಷ್ಟು ಬೇಗ ಹೇಳಿದರೆ ಅಷ್ಟು ಒಳ್ಳೆಯದು, ಹಣ ಮುಂದಿನ ಖಾತೆಗೆ ದಾಟುವ ಮೊದಲೇ ತಡೆಯುವ ಸಾಧ್ಯತೆ ಇರುತ್ತದೆ. ಅವನ ವಿಷಯದಲ್ಲಿ ಹೋದ ನೋಟು ಹೋಯಿತು, ಉಳಿದದ್ದು ಖಾತೆಯಲ್ಲಿ ಉಳಿಯಿತು. ಆಮೇಲೆ ಪೊಲೀಸರಿಗೆ ದೂರು ಕೊಟ್ಟು, ‘ಸಂಚಾರ್ ಸಾಥಿ’ ಜಾಲತಾಣದಲ್ಲಿ ಐಎಂಇಐ ನಂಬರು, ಅಂದರೆ ಫೋನಿನ ಗುರುತಿನ ಸಂಖ್ಯೆ ಹಾಕಿ ಫೋನನ್ನು ಬ್ಲಾಕ್ ಮಾಡಿಸಿದ. ಫೋನಿನ ಡಬ್ಬಿ ಅವನ ತಾಯಿ ಎತ್ತಿಟ್ಟಿದ್ದರಿಂದ ಆ ನಂಬರು ಸಿಕ್ಕಿತು. ನಿಮ್ಮ ಫೋನಿನಲ್ಲಿ ಸ್ಟಾರ್ ಹ್ಯಾಷ್ 06 ಹ್ಯಾಷ್ ಒತ್ತಿದರೆ ಹದಿನೈದು ಅಂಕಿಯ ಆ ನಂಬರು ಬರುತ್ತದೆ. ಇವತ್ತೇ ಬರೆದು ಮನೆಯಲ್ಲಿ ಇಡಿ. ಕವರಿನ ಒಳಗೆ ಮಾತ್ರ ಇಡಬೇಡಿ.

ಆ ಹುಡುಗನನ್ನು ಕೆಲವರು ಬೈದರು, ಫೋನು ಬಿಟ್ಟು ಯಾಕೆ ಹೋದೆ ಎಂದು. ನನಗೆ ಅದು ಸರಿ ಅನ್ನಿಸಲಿಲ್ಲ. ಜೂನ್ ತಿಂಗಳ ಸೆಕೆಯಲ್ಲಿ ಇಡೀ ದಿನ ಬಸ್ಸಿನಲ್ಲಿ ಕೂತು ಬಂದವನಿಗೆ ಬಾಯಾರಿಕೆ ಆಗುವುದು ತಪ್ಪೇ? ಪಾಯಿಂಟನ್ನು ಕಂಬದ ಹಿಂದೆ ಹಾಕಿದವರು ಯೋಚಿಸಬೇಕಿತ್ತು. ಕೂತ ಜಾಗದಿಂದ ಕಾಣುವಂತೆ, ಬೆಂಚಿನ ಪಕ್ಕದಲ್ಲೇ ಪ್ಲಗ್ ಇದ್ದಿದ್ದರೆ ಪಕ್ಕದವರಿಗೆ “ಸ್ವಲ್ಪ ನೋಡ್ಕೋರಿ” ಎಂದಾದರೂ ಹೇಳಿ ಹೋಗುತ್ತಿದ್ದ.

ಆದ್ದರಿಂದ ನನ್ನ ಬೇಡಿಕೆ ಇದು. ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಬಸ್ ನಿಲ್ದಾಣ, ಸರ್ಕಾರಿ ಆಸ್ಪತ್ರೆ, ರೈಲು ನಿಲ್ದಾಣಗಳಲ್ಲಿ ಚಾರ್ಜಿಂಗ್ ವ್ಯವಸ್ಥೆ ಮಾಡುವವರು ಯುಎಸ್‌ಬಿ ತೂತಿನ ಪೆಟ್ಟಿಗೆ ತಂದು ನಿಲ್ಲಿಸಬೇಡಿ. ಸಾದಾ ಮೂರು ಪಿನ್ನಿನ ಪ್ಲಗ್ ಹಾಕಿಸಿ. ಬೆಂಚಿನ ಬದಿಗೆ ಹಾಕಿಸಿ. ಮಕ್ಕಳ ಕೈಗೆ ಸಿಗದಷ್ಟು ಎತ್ತರ ಇರಲಿ, ಕೆಳಗೆ ಫೋನ್ ಇಡಲು ಗೇಣಗಲದ ಹಲಗೆ ಇರಲಿ, ಮೇಲೆ ಒಂದು ದೀಪ ಇರಲಿ. ಕರೆಂಟ್ ಸೋರಿದರೆ ತಾನೇ ನಿಲ್ಲುವ ಬ್ರೇಕರ್ ಇರಲಿ. ರೈಲಿನ ಬೋಗಿಯಲ್ಲಿ ಸೀಟಿನ ಪಕ್ಕ ಪ್ಲಗ್ ಕೊಟ್ಟಿದ್ದಾರೆ, ಚಲಿಸುವ ಗಾಡಿಯಲ್ಲೇ ಆಗುವುದು ನಿಂತ ಗೋಡೆಯಲ್ಲಿ ಆಗಬಾರದೇ?

ಹುಲಿಗಿ ಹುಣ್ಣಿಮೆಗೆ, ಕೊಪ್ಪಳದ ಗವಿಮಠದ ಜಾತ್ರೆಗೆ ಸಾವಿರಾರು ಜನ ನಡೆದುಕೊಂಡೇ ಬರುತ್ತಾರೆ. ಗದ್ದಲದಲ್ಲಿ ಮನೆಯವರು ತಪ್ಪಿಸಿಕೊಂಡರೆ ಹುಡುಕಲು ಫೋನು ಬೇಕು. ಅಲ್ಲಿಯೂ ಜನ ಕೂರುವ ಪೆಂಡಾಲಿನಲ್ಲಿ ಇಂಥ ಪ್ಲಗ್ ಸಾಲು ಹಾಕಿಸಿ, ನೋಡಿಕೊಳ್ಳಲು ಒಬ್ಬರನ್ನು ಕೂರಿಸಿದರೆ ದೊಡ್ಡ ಉಪಕಾರ.

ಖರ್ಚಿನ ಮಾತು ಬರುತ್ತದೆ. ಅಣ್ಣನ ಮಗನಿಂದ ಲೆಕ್ಕ ಹಾಕಿಸಿದ್ದೇನೆ. 5,000 ಎಂಎಎಚ್ ಬ್ಯಾಟರಿ ಪೂರಾ ತುಂಬಲು ಸುಮಾರು 19 ವಾಟ್-ಅವರ್ ಬೇಕು, ದಾರಿಯಲ್ಲಿ ಹೋಗುವ ನಷ್ಟ ಸೇರಿಸಿದರೆ 25 ಅಂತ ಹಿಡಿಯಿರಿ. ಒಂದು ಯೂನಿಟ್ ಅಂದರೆ 1,000 ವಾಟ್-ಅವರ್, ಅದರಲ್ಲಿ 40 ಫೋನು ತುಂಬುತ್ತವೆ. ನಮ್ಮ ಜಿಲ್ಲೆಯ ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರದ್ದು 1,720 ಮೆಗಾವಾಟ್ ಸಾಮರ್ಥ್ಯ, ಬಳ್ಳಾರಿ ಕಡೆಯ ಕುಡಿತಿನಿಯದ್ದು 1,700. ರಾಜ್ಯಕ್ಕೆ ಬೆಳಕು ಕೊಡುವ ಈ ಸ್ಥಾವರಗಳ ಬೂದಿ, ಹೊಗೆಯನ್ನು ಈ ಕಡೆಯ ಜನ ನುಂಗುತ್ತಿದ್ದಾರೆ. 40 ಜನರಿಗೆ ಒಂದು ಯೂನಿಟ್ ಕೇಳುವುದು ಜಾಸ್ತಿ ಆಯಿತೆಂದು ಯಾರೂ ಹೇಳಲಾರರು.

ಒಂದು ಅಡಚಣೆ ಇದೆ, ಅದನ್ನೂ ಒಪ್ಪುತ್ತೇನೆ. ಈಗ ಎಷ್ಟೋ ಹೊಸ ಫೋನುಗಳ ಡಬ್ಬಿಯಲ್ಲಿ ಅಡಾಪ್ಟರ್ ಬರುವುದಿಲ್ಲ, ಕೇಬಲ್ ಮಾತ್ರ. ಪ್ಲಗ್ ಕೊಟ್ಟರೆ ಕೇಬಲ್ ಮಾತ್ರ ಇರುವವರು ಏನು ಮಾಡಬೇಕು? ನಾನು ಅವರಿಗೆ ಹೇಳುವುದು, ದೂರ ಹೋಗುವವರು ಅಡಾಪ್ಟರ್ ಒಂದನ್ನು ಚೀಲದಲ್ಲಿ ಇಟ್ಟುಕೊಳ್ಳಲೇಬೇಕು. ಪವರ್ ಬ್ಯಾಂಕಿಗಿಂತ ಎಷ್ಟೋ ಅಗ್ಗ, ಹಗುರ. ಕೊಳ್ಳುವಾಗ ಅದರ ಮೇಲೆ ಬಿಐಎಸ್ ಗುರುತು, ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಗುರುತೇ ಇಲ್ಲದ ಅಗ್ಗದ ಚಾರ್ಜರ್ ಕಾದು ಕರಗಿದ್ದನ್ನು ಅಣ್ಣನ ಮಗ ತೋರಿಸಿದ್ದಾನೆ.

ರಾತ್ರಿ ಸ್ಲೀಪರ್ ಬಸ್ಸಿನಲ್ಲಿ ಹೋಗುವವರಿಗೆ ಹಲವು ಕಡೆ ತಲೆದೆಸೆಯಲ್ಲಿ ಯುಎಸ್‌ಬಿ ತೂತು ಬಿಟ್ಟರೆ ಬೇರೆ ಗತಿ ಇಲ್ಲ. ಅಲ್ಲಿ ಹಚ್ಚುವುದಾದರೆ ಫೋನ್ ಲಾಕ್ ಮಾಡಿ ಹಚ್ಚಿ. ಹಚ್ಚಿಕೊಂಡೇ ರೀಲ್ಸ್ ನೋಡುತ್ತ ಮಲಗಬೇಡಿ. ಪರದೆ ಮೇಲೆ ಏನಾದರೂ ಕೇಳಿದರೆ ಬೇಡ ಎಂದು ಒತ್ತಿ, ವೈರು ಕೀಳಿ. ಹಸಿರು, ಬಿಳಿ ವೈರು ಇಲ್ಲದ, ಬರೀ ಚಾರ್ಜಿಂಗಿಗೆ ಇರುವ ಕೇಬಲ್ ಸಿಗುತ್ತದೆ, ಕೇಳಿ ಕೊಳ್ಳಿ. ಪವರ್ ಬ್ಯಾಂಕ್ ಇದ್ದವರು ತೂತಿಗೆ ಅದನ್ನು ಹಚ್ಚಿ, ಆಮೇಲೆ ಅದರಿಂದ ಫೋನ್ ತುಂಬಿಸಿಕೊಳ್ಳಬಹುದು. ಪವರ್ ಬ್ಯಾಂಕಿನಲ್ಲಿ ಕದಿಯಲು ಏನೂ ಇರುವುದಿಲ್ಲ.

ನಮ್ಮ ಖಾನಾವಳಿಯ ಪ್ಲಗ್ ಸಾಲಿನ ಮೇಲೆ ಪೇಂಟರ್ ಕೈಯಲ್ಲಿ ಹೀಗೆ ಬರೆಸಿದ್ದೇನೆ: “ಚಾರ್ಜಿಗೆ ದುಡ್ಡಿಲ್ಲ. ನಿಮ್ಮ ಚಾರ್ಜರ್, ನಿಮ್ಮ ಕೇಬಲ್ ಹಚ್ಚಿರಿ. ಹಚ್ಚುವ ಮುಂಚೆ ಕವರಿನಿಂದ ಕಾರ್ಡು, ಚೀಟಿ ತೆಗೆದುಕೊಳ್ಳಿರಿ. ಲಾಕ್ ಮಾಡಿರಿ. ನಿಮ್ಮ ಪಿನ್ ನಮಗೂ ಹೇಳಬೇಡಿರಿ. ಮೋಸವಾದರೆ 1930.” ಓದಲು ಬಾರದವರಿಗೆ ನಾನೇ ಓದಿ ಹೇಳುತ್ತೇನೆ. ಕೆಲವರು ಅಲ್ಲೇ ಕವರ್ ಬಿಚ್ಚಿ ಕಾರ್ಡು ತೆಗೆದು ಒಳಜೇಬಿಗೆ ಇಟ್ಟುಕೊಳ್ಳುತ್ತಾರೆ.

ಈ ಸಾಲುಗಳನ್ನು ಯಾರು ಬೇಕಾದರೂ ಬರೆಸಿಕೊಳ್ಳಬಹುದು. ನಮ್ಮೂರಿನ ಬಸ್ ನಿಲ್ದಾಣದಲ್ಲಿ ಬೆಂಚಿನ ಪಕ್ಕ ಪ್ಲಗ್ ಸಾಲು ಹಾಕಿಸಲು ಅಧಿಕಾರಿಗಳು ಒಪ್ಪಿದರೆ, ಮೇಲಿನ ಬೋರ್ಡು ಬರೆಸುವ ಖರ್ಚು ನನ್ನದು. ಅಣ್ಣನ ಮಗ ತಿಂಗಳಿಗೊಮ್ಮೆ ಬಂದು ಪ್ಲಗ್‌ಗಳನ್ನು ನೋಡಿ ಹೋಗಲು ಒಪ್ಪಿದ್ದಾನೆ. ಯಾರನ್ನು ಕಂಡು ಅರ್ಜಿ ಕೊಡಬೇಕೆಂದು ತಿಳಿಸಿದರೆ ನಾಳೆಯೇ ಹೋಗುತ್ತೇನೆ.

— ಖಾನಾವಳಿ ನಡೆಸುವ ಒಬ್ಬ ಹೆಣ್ಣುಮಗಳು, ಸಿಂಧನೂರು, ರಾಯಚೂರು ಜಿಲ್ಲೆ